ಉಪಗ್ರಹ ದೂರದರ್ಶನದ ಮುದ್ರಿಕೆಗಳು: ಸಂಗ್ರಹ, ಸೂಚೀಕರಣ, ಸಂರಕ್ಷಣೆ

ಸಮಕಾಲೀನ ಕರ್ನಾಟಕದ ಚರಿತ್ರೆಯನ್ನು ಬರೆಯುವವರಿಗೆ ಕಡತ, ಪತ್ರಿಕೆಗಳಂತೆ ದೂರದರ್ಶನದ ಪ್ರಸಾರವೂ ಒಂದು ಮುಖ್ಯ ಆಕರವಾಗಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮಗಳನ್ನು ಪಡೆದವು. 1994ರಲ್ಲಿ ಉದಯ ಟಿವಿಯೊಂದಿಗೆ ಕನ್ನಡದ ಖಾಸಗಿ ಉಪಗ್ರಹ ವಾಹಿನಿಗಳ ಕಾಲ ಆರಂಭವಾಯಿತು. ಆದರೆ ಪ್ರಸಾರವಾದುದೆಲ್ಲವೂ ಉಳಿದಿದೆ ಎಂದು ಭಾವಿಸುವಂತಿಲ್ಲ. ಪುಸ್ತಕಗಳ ಪ್ರತಿಗಳನ್ನು ನಿಗದಿತ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು ವಿಧಿಸಿದ 1954ರ ಕಾಯಿದೆಯ ವ್ಯಾಪ್ತಿಗೆ ಪ್ರಸಾರವು ಬರಲಿಲ್ಲ. ವಾಹಿನಿಗಳ ಅಪ್‌ಲಿಂಕಿಂಗ್ ಮಾರ್ಗಸೂಚಿಗಳು ಪ್ರಸಾರದ ಮುದ್ರಿಕೆಯನ್ನು 90 ದಿನಗಳ ಕಾಲ ಇಟ್ಟುಕೊಳ್ಳಬೇಕೆನ್ನುತ್ತವೆ. ಅದರಾಚೆಗಿನ ಉಳಿವು ಬಹುಮಟ್ಟಿಗೆ ಆಯಾ ವಾಹಿನಿಯ ಇಚ್ಛೆಗೆ ಸೇರಿದ್ದಾಗಿದೆ.

ಪ್ರಸಾರ ಸಂಸ್ಥೆಯಲ್ಲಿ ಅಳಿದದ್ದು ನೋಡುಗರ ಬಳಿ ಉಳಿದ ನಿದರ್ಶನಗಳಿವೆ. ಬ್ರಿಟನ್ನಿನ ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ಅನೇಕ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ಹೀಗೆ ಚಿತ್ರ ಕಳೆದುಹೋದ ‘ಡಾಕ್ಟರ್ ಹೂ’ ಧಾರಾವಾಹಿಯ ಕಂತುಗಳ ಧ್ವನಿ ಇಂದು ಕೇಳಸಿಗುವುದು ಅಭಿಮಾನಿಗಳು ಮನೆಯಲ್ಲಿ ಮಾಡಿಕೊಂಡ ಮುದ್ರಣಗಳಿಂದ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವು ರಾಷ್ಟ್ರೀಯ ವಾಹಿನಿಗಳ ಸುದ್ದಿ ಪ್ರಸಾರವನ್ನು 1968ರ ಆಗಸ್ಟ್ 5ರಿಂದ ಮುದ್ರಿಸಿಡುತ್ತ ಬಂದಿತು. ಒಂದು ಗ್ರಂಥಾಲಯವು ತಾನೇ ಪ್ರಸಾರವನ್ನು ಹಿಡಿದಿಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ಈ ಹಿನ್ನೆಲೆಯಲ್ಲಿ ಉಪಗ್ರಹ ರಿಸೀವರ್‌ನ ಮುದ್ರಿಕೆಯನ್ನು ಆಕರವಾಗಿ ರೂಪಿಸುವ ಕ್ರಮವನ್ನು ಪರಿಶೀಲಿಸಬೇಕಾಗಿದೆ.

1. ಮೂಲಪ್ರತಿ

ಡಿವಿಬಿ ಮಾನದಂಡದ ಉಪಗ್ರಹ ಪ್ರಸಾರವು ‘ಟ್ರಾನ್ಸ್‌ಪೋರ್ಟ್ ಸ್ಟ್ರೀಮ್’ ಎಂಬ ದತ್ತಾಂಶ ಪ್ರವಾಹವಾಗಿ ಬರುತ್ತದೆ. ಇದು ತಲಾ 188 ಬೈಟುಗಳ ಪೊಟ್ಟಣಗಳ ಸರಣಿ. ಪ್ರತಿ ಪೊಟ್ಟಣದ ತಲೆಯಲ್ಲಿರುವ ಪಿಐಡಿ ಎಂಬ ಗುರುತುಸಂಖ್ಯೆಯು ಅದು ಚಿತ್ರಕ್ಕೆ ಸೇರಿದ್ದೋ, ಧ್ವನಿಗೆ ಸೇರಿದ್ದೋ, ಕಾರ್ಯಕ್ರಮದ ಮಾಹಿತಿಗೆ ಸೇರಿದ್ದೋ ಎಂಬುದನ್ನು ತಿಳಿಸುತ್ತದೆ. ರಿಸೀವರ್ ಈ ಪ್ರವಾಹವನ್ನು ಇದ್ದಂತೆಯೇ ಡಿಸ್ಕಿಗಿಳಿಸಿದರೆ ಅದೇ ಮೂಲಪ್ರತಿ.

ಜಾಗ ಉಳಿಸಲೆಂದು ಇದನ್ನು ಚಿಕ್ಕ ಕಡತವಾಗಿ ಮರುರೂಪಿಸಿ ಮೂಲವನ್ನು ಅಳಿಸುವ ರೂಢಿಯುಂಟು. ಇದು ಓಲೆಗರಿಯನ್ನು ನಕಲು ಮಾಡಿಕೊಂಡು ಮೂಲವನ್ನು ಸುಟ್ಟಂತೆ. ಮರುರೂಪದಲ್ಲಿ ಪರದೆಯ ಅಡಿಯಲ್ಲಿ ಸಾಗುವ ಸುದ್ದಿಸಾಲಿನ ಕನ್ನಡ ಒತ್ತಕ್ಷರಗಳು ಮಸುಕಾಗಬಹುದು. ಹೀಗೆ ನಷ್ಟವಾದುದು ಮರಳಿ ಬಾರದು. ಜಾಹೀರಾತುಗಳನ್ನು ಕತ್ತರಿಸುವುದೂ ಯುಕ್ತವಲ್ಲ. ಮುಂದಿನ ಸಂಶೋಧಕನಿಗೆ ಕಾರ್ಯಕ್ರಮಕ್ಕಿಂತ ಜಾಹೀರಾತೇ ಹೆಚ್ಚಿನ ಸಾಮಾಜಿಕ ಸಾಕ್ಷ್ಯವಾಗಬಹುದು. ನೋಡಲು ಹಗುರವಾದ ಪ್ರತಿ ಬೇಕಿದ್ದಲ್ಲಿ ಅದನ್ನು ಬೇರೆಯಾಗಿ ತಯಾರಿಸಬೇಕು.

ಮಳೆಗಾಲದಲ್ಲಿ ಸಂಕೇತ ಕ್ಷೀಣಿಸಿ ಪೊಟ್ಟಣಗಳು ಕಳೆದುಹೋಗುತ್ತವೆ. ಪೊಟ್ಟಣಗಳಲ್ಲಿ 0ಯಿಂದ 15ರವರೆಗೆ ಎಣಿಸುವ ಸರಣಿಸಂಖ್ಯೆಯೊಂದಿದ್ದು, ಅದು ತಪ್ಪಿದಲ್ಲಿ ಲೋಪವಿದೆಯೆಂದು ಅರಿಯಬಹುದು. ಗ್ರಂಥಸಂಪಾದಕರು ಗ್ರಂಥಪಾತವನ್ನು ಗುರುತಿಸುವಂತೆ ಈ ಲೋಪಗಳನ್ನೂ ಸೂಚಿಯಲ್ಲಿ ನಮೂದಿಸುವುದು ಪ್ರಾಮಾಣಿಕ ಕ್ರಮ.

2. ಸೂಚೀಕರಣ

ಹೆಸರಿಲ್ಲದ ಮುದ್ರಿಕೆಯು ಕಾಲ, ಕರ್ತೃ ತಿಳಿಯದ ಹಸ್ತಪ್ರತಿಗಿಂತಲೂ ನಿರುಪಯುಕ್ತ. ಅದರ ವಿಷಯ ತಿಳಿಯಲು ಪೂರ್ಣಾವಧಿ ನೋಡಲೇಬೇಕು. ಕಾರ್ಯಕ್ರಮದ ಶೀರ್ಷಿಕೆ ಮತ್ತು ವೇಳೆಯನ್ನು ಪ್ರಸಾರವೇ 18ನೆಯ ಪಿಐಡಿಯಲ್ಲಿ ಹೊತ್ತು ತರುತ್ತದೆ. ಆದರೆ ಹಲವು ರಿಸೀವರ್‌ಗಳು ಮುದ್ರಿಸುವಾಗ ಚಿತ್ರ, ಧ್ವನಿಗಳನ್ನಷ್ಟೇ ಉಳಿಸಿ ಇದನ್ನು ಕೈಬಿಡುತ್ತವೆ. ಆದ್ದರಿಂದ ವಾಹಿನಿ, ದಿನಾಂಕ, ಆರಂಭದ ವೇಳೆ, ಅವಧಿ, ಶೀರ್ಷಿಕೆ, ಉಪಗ್ರಹ ಮತ್ತು ಮುದ್ರಿಸಿದ ಉಪಕರಣ ಇವಿಷ್ಟನ್ನಾದರೂ ಅದೇ ದಿನ ಬರೆದಿಡಬೇಕು.

ವೇಳೆಯ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಪ್ರಸಾರದೊಳಗಿನ ಮಾಹಿತಿಯು ಭಾರತೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುವ ಜಾಗತಿಕ ಕಾಲಮಾನವನ್ನು ಅನುಸರಿಸುತ್ತದೆ. ಜನವರಿ 2ರ ಬೆಳಗಿನ ಜಾವ 1 ಗಂಟೆಯ ಪ್ರಸಾರವು ಅಲ್ಲಿ ಜನವರಿ 1ರ 19.30 ಎಂದು ದಾಖಲಾಗಿರುತ್ತದೆ. ಚುನಾವಣಾ ಎಣಿಕೆ ಅಥವಾ ಸದನದ ತಡರಾತ್ರಿಯ ಕಲಾಪವನ್ನು ಅಧ್ಯಯನ ಮಾಡುವವರಿಗೆ ಈ ಒಂದು ದಿನದ ವ್ಯತ್ಯಾಸವು ಘಟನೆಗಳ ಕ್ರಮವನ್ನೇ ತಲೆಕೆಳಗು ಮಾಡಬಲ್ಲದು.

3. ಸಂರಕ್ಷಣೆ

ಸೆಕೆಂಡಿಗೆ 4 ಮೆಗಾಬಿಟ್ ವೇಗದ ವಾಹಿನಿಯ ಒಂದು ಗಂಟೆಯ ಮುದ್ರಿಕೆಗೆ 1.8 ಗಿಗಾಬೈಟ್, ಪೂರ್ಣ ದಿನಕ್ಕೆ 43.2 ಗಿಗಾಬೈಟ್, ವರ್ಷಕ್ಕೆ ಸುಮಾರು 15.8 ಟೆರಾಬೈಟ್ ಜಾಗ ಬೇಕು. ಎಲ್ಲವನ್ನೂ ಹಿಡಿಯಲಾಗದ ಸಂಸ್ಥೆಯು ವಾರ್ತೆ, ಸಂವಾದ, ರಂಗಪ್ರಯೋಗ ಮುಂತಾಗಿ ಆಯ್ಕೆಯ ನೀತಿಯನ್ನು ಮೊದಲೇ ಲಿಖಿತವಾಗಿ ಗೊತ್ತುಪಡಿಸಿಕೊಳ್ಳುವುದು ಒಳಿತು.

ರಿಸೀವರ್‌ನ ಡಿಸ್ಕು ಭಂಡಾರವಲ್ಲ, ತಂಗುದಾಣ ಮಾತ್ರ. ಕೆಲವು ಡಿಟಿಎಚ್ ಪೆಟ್ಟಿಗೆಗಳು ಮುದ್ರಿಕೆಯನ್ನು ಗೂಢಲಿಪಿಯಲ್ಲಿ ಬರೆಯುವುದರಿಂದ ಪೆಟ್ಟಿಗೆ ಕೆಟ್ಟೊಡನೆ ಸಂಗ್ರಹವೂ ಇಲ್ಲವಾಗುತ್ತದೆ. ಇದಕ್ಕೆ ಪ್ರತಿಯಾಗಿ 2004ರ ಡಿಸೆಂಬರ್‌ನಲ್ಲಿ ಆರಂಭವಾದ ಡಿಡಿ ಡೈರೆಕ್ಟ್ ಪ್ಲಸ್, ಅಂದರೆ ಇಂದಿನ ಡಿಡಿ ಫ್ರೀ ಡಿಶ್‌ನಂತಹ ಮುಕ್ತ ಸೇವೆಯ ವಾಹಿನಿಗಳನ್ನು ಮುದ್ರಿಸುವುದು ಸುಲಭ. ಕಡತವನ್ನು ಇಳಿಸಿಕೊಂಡ ಕೂಡಲೇ ಅದರ ಚೆಕ್‌ಸಮ್ ಲೆಕ್ಕಹಾಕಿ ದಾಖಲಿಸಬೇಕು. ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬದಲಾಗುವುದರಿಂದ ಪ್ರತಿಗಳ ಶುದ್ಧಿಯನ್ನು ಕಾಲಕಾಲಕ್ಕೆ ಪರೀಕ್ಷಿಸಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮ ಅನುಸರಣೀಯ.

4. ಹಕ್ಕು ಮತ್ತು ಹೊಣೆ

1957ರ ಕೃತಿಸ್ವಾಮ್ಯ ಕಾಯಿದೆಯ 37ನೆಯ ಪ್ರಕರಣವು ಪ್ರಸಾರ ಸಂಸ್ಥೆಗೆ 25 ವರ್ಷಗಳ ವಿಶೇಷ ಹಕ್ಕನ್ನು ನೀಡುತ್ತದೆ. ಖಾಸಗಿ ಬಳಕೆಗೆ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಳಿಗೆ ಮಾತ್ರವೇ ಮಾಡಿದ ಮುದ್ರಣವು ಆ ಹಕ್ಕಿನ ಉಲ್ಲಂಘನೆಯಲ್ಲವೆಂದು 39ನೆಯ ಪ್ರಕರಣ ಹೇಳುತ್ತದೆ. ಮುದ್ರಿಕೆಯ ಮಾರಾಟಕ್ಕಾಗಲಿ ಸಾರ್ವಜನಿಕ ವಿತರಣೆಗಾಗಲಿ ಈ ವಿನಾಯಿತಿ ದೊರೆಯದು. ಫ್ರಾನ್ಸ್ ದೇಶವು 1992ರ ಕಾನೂನಿನಿಂದ ಪ್ರಸಾರವನ್ನು ಕಡ್ಡಾಯ ಠೇವಣಿಯ ವ್ಯಾಪ್ತಿಗೆ ತಂದು, ಅದರ ಹೊಣೆಯನ್ನು ‘ಇನಾ’ ಸಂಸ್ಥೆಗೆ ವಹಿಸಿತು. ಅಂತಹ ಶಾಸನಬದ್ಧ ಏರ್ಪಾಡು ಇಲ್ಲದೆಡೆ ಗ್ರಂಥಾಲಯಗಳ ಮತ್ತು ಆಸಕ್ತರ ಸಂಗ್ರಹಗಳೇ ಆಸರೆ. ಅವು ಮುಂದಿನವರಿಗೆ ಆಕರಗಳಾಗುವುದು ಮೂಲ ಅಳಿಯದೆ ಉಳಿದಾಗ ಮತ್ತು ಸೂಚಿ ಅಂದಂದೇ ಬರೆಯಲ್ಪಟ್ಟಾಗ ಮಾತ್ರ.