ಬಿಳಿಯುಡುಗೆಯ ಮೇಲೊಂದು ಕಲೆ
ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ದಾದಿಯ ಮುಂದಿನ ದಾರಿ

ಶುಶ್ರೂಷಾ ಶಾಲೆಗಳ ದೀಪ ಬೆಳಗುವ ಸಮಾರಂಭದಲ್ಲಿ ಬಿಳಿಯುಡುಗೆಯ ಯುವತಿಯರು ಸಾಲಾಗಿ ನಿಂತು ಪ್ರತಿಜ್ಞೆ ಸ್ವೀಕರಿಸುವುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನು ಹೊತ್ತಿರುವ ಈ ಪ್ರತಿಜ್ಞೆ ರಚನೆಯಾದದ್ದು 1893ರಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ರಚಿಸಿದ್ದು ಲಿಸ್ಟ್ರಾ ಗ್ರೆಟರ್ ಎಂಬ ಮಹಿಳೆಯ ನೇತೃತ್ವದ ಸಮಿತಿ. ಹಾನಿಕರ ಔಷಧವನ್ನು ತಾನೂ ಸೇವಿಸೆನು, ತಿಳಿದೂ ತಿಳಿದು ಪರರಿಗೂ ಕೊಡೆನು ಎಂಬ ಅರ್ಥದ ವಾಕ್ಯವೊಂದು ಅದರಲ್ಲಿದೆ. ದಾದಿಯರ ಕೈಗೆ ಔಷಧದ ಕಪಾಟಿನ ಬೀಗದ ಕೈ ಬಂದ ದಿನದಿಂದಲೇ ಈ ಅಪಾಯದ ಅರಿವು ಆ ವೃತ್ತಿಗೆ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಆ ಮಾತಿಗೆ ತಪ್ಪಿದ ದಾದಿಯ ಗತಿಯೇನು? ತಪ್ಪದೆಯೂ ಪರೀಕ್ಷೆಯ ವರದಿಯಲ್ಲಿ ತಪ್ಪಿತಸ್ಥೆಯಾಗಿ ಕಂಡವಳ ಗತಿಯೇನು? ಈ ಪ್ರಶ್ನೆಗಳು ದೂರದ ಅಮೆರಿಕಕ್ಕೆ ಸೇರಿದವೆಂದು ನಾವು ಸುಮ್ಮನಿರುವಂತಿಲ್ಲ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಗಳನ್ನೋ ಸೊಸೆಯನ್ನೋ ದಾದಿಯಾಗಿ ಪರದೇಶಕ್ಕೆ ಕಳುಹಿಸಿದ ಮನೆಗಳಿಗೆ ಲೆಕ್ಕವಿಲ್ಲ. ಸಾಲ ತೀರಿಸಿದ್ದು, ತಂಗಿಯಂದಿರ ಮದುವೆ ಮಾಡಿಸಿದ್ದು, ಹಂಚಿನ ಮನೆಗೆ ತಾರಸಿ ಹಾಕಿಸಿದ್ದು ಎಲ್ಲವೂ ಒಂದು ಪರವಾನಗಿ ಪತ್ರದ ಬಲದಿಂದ. ಆ ಪತ್ರ ಹೇಗೆ ಕೈತಪ್ಪುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ಕುಟುಂಬದವರೂ ತಿಳಿದಿರುವುದು ಒಳಿತು.

ಪರೀಕ್ಷೆ ಬಂದ ಬಗೆ

1986ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಕೇಂದ್ರ ಸರ್ಕಾರದ ಕಚೇರಿಗಳನ್ನು ಮಾದಕ ವಸ್ತು ಮುಕ್ತಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. 1988ರಲ್ಲಿ ಇದೇ ಉದ್ದೇಶದ ಕಾಯಿದೆಯೊಂದು ಸರ್ಕಾರದ ಗುತ್ತಿಗೆ ಮತ್ತು ಅನುದಾನ ಪಡೆಯುವ ಸಂಸ್ಥೆಗಳಿಗೂ ಅನ್ವಯವಾಯಿತು. ಆ ಕಾಯಿದೆ ಮೂತ್ರ ಪರೀಕ್ಷೆಯನ್ನು ಕಡ್ಡಾಯ ಮಾಡಿರಲಿಲ್ಲವಾದರೂ ಖಾಸಗಿ ಸಂಸ್ಥೆಗಳು ತಾವಾಗಿಯೇ ಅದನ್ನು ಅಳವಡಿಸಿಕೊಂಡವು. ಇಂದು ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವ ಮುನ್ನ ಪರೀಕ್ಷೆ ಸಾಮಾನ್ಯ. ವಾರ್ಡಿನ ಔಷಧ ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗ ಅಥವಾ ದಾದಿಯ ನಡೆನುಡಿಯಲ್ಲಿ ಸಂಶಯ ಬಂದಾಗಲೂ ಪರೀಕ್ಷೆಗೆ ಕರೆ ಬರುತ್ತದೆ.

ಪರೀಕ್ಷೆ ಎರಡು ಹಂತಗಳದ್ದು. ಮೊದಲನೆಯದು ಅಗ್ಗದ, ಶೀಘ್ರ ಫಲಿತಾಂಶದ ಜರಡಿ ಪರೀಕ್ಷೆ. ಇದು ಕೆಲವೊಮ್ಮೆ ನಿರಪಾಯದ ಔಷಧವನ್ನೂ ಮಾದಕ ವಸ್ತುವೆಂದು ತೋರಿಸೀತು. ಆದ್ದರಿಂದ ಜರಡಿಯಲ್ಲಿ ಸಿಕ್ಕಿದ ಮಾದರಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿಯಂತಹ ಖಚಿತ ವಿಧಾನದಿಂದ ಮತ್ತೆ ಪರೀಕ್ಷಿಸಲಾಗುತ್ತದೆ. ಕೇಂದ್ರ ನಿಯಮಗಳ ಪ್ರಕಾರ ನಡೆಯುವ ಪರೀಕ್ಷೆಗಳಲ್ಲಿ ಪರಿಶೀಲನಾ ವೈದ್ಯರೊಬ್ಬರು ಉದ್ಯೋಗಿಯೊಡನೆ ಮಾತನಾಡಿ, ವೈದ್ಯರು ಬರೆದುಕೊಟ್ಟ ಚೀಟಿ ಇದೆಯೇ ಎಂದು ವಿಚಾರಿಸಿದ ನಂತರವೇ ಫಲಿತಾಂಶ ಅಂತಿಮವಾಗುತ್ತದೆ. ಮಾದರಿಯ ಎರಡನೆಯ ಭಾಗವನ್ನು ಬೇರೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವಂತೆ ಕೇಳುವ ಅವಕಾಶವೂ ಉಂಟು. ಖಾಸಗಿ ಆಸ್ಪತ್ರೆಗಳಲ್ಲಿ ಈ ರಕ್ಷಣೆಗಳೆಲ್ಲ ತಾವಾಗಿಯೇ ದೊರೆಯುತ್ತವೆಂದು ಹೇಳಲಾಗದು, ಕೇಳಿ ಪಡೆಯಬೇಕಾಗುತ್ತದೆ.

ಇನ್ನೊಂದು ಮಾತು. ಮೂತ್ರದಲ್ಲಿ ವಸ್ತುವಿನ ಅಂಶ ಇದೆಯೆಂಬುದನ್ನಷ್ಟೇ ಈ ಪರೀಕ್ಷೆ ಹೇಳಬಲ್ಲದು. ದಾದಿ ಕೆಲಸದ ಹೊತ್ತಿನಲ್ಲಿ ಅಮಲಿನಲ್ಲಿದ್ದಳೇ ಎಂಬುದನ್ನು ಹೇಳಲಾರದು. ಮಾರ್ಫಿನ್, ಕೋಡೀನ್‌ಗಳ ಅಂಶ ಎರಡು ಮೂರು ದಿನಗಳಲ್ಲಿ ಮಾಯವಾದರೆ, ನಿತ್ಯ ಗಾಂಜಾ ಸೇದುವವರಲ್ಲಿ ಅದರ ಅಂಶ ವಾರಗಟ್ಟಲೆ ಉಳಿಯಬಹುದು.

ಗಸಗಸೆ ಪಾಯಸವೂ ಕೆಮ್ಮಿನ ಔಷಧವೂ

ನಮ್ಮ ಅಡಿಗೆಮನೆಯ ಗಸಗಸೆಗೂ ಈ ವಿಷಯಕ್ಕೂ ನಂಟಿದೆ. ಅಫೀಮಿನ ಗಿಡದ ಬೀಜವೇ ಗಸಗಸೆ. ಅದನ್ನು ತಿಂದವರ ಮೂತ್ರದಲ್ಲಿ ಮಾರ್ಫಿನ್ ಮತ್ತು ಕೋಡೀನ್ ಅಂಶ ಕಾಣಿಸಿಕೊಳ್ಳಬಲ್ಲದು. ಇದೇ ಕಾರಣಕ್ಕೆ 1998ರಲ್ಲಿ ಅಮೆರಿಕದ ಕೇಂದ್ರ ನಿಯಮಗಳು ಈ ಗುಂಪಿನ ವಸ್ತುಗಳ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿದವು. ಹಾಗಿದ್ದರೂ ಸಮಸ್ಯೆ ಪೂರ್ತಿ ತೀರಲಿಲ್ಲ. 2023ರ ಫೆಬ್ರುವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆಯಿಂದ ದೂರವಿರುವಂತೆ ಸೂಚಿಸಬೇಕಾಯಿತು. ಸಂಯುಕ್ತ ಅರಬ್ ಸಂಸ್ಥಾನಕ್ಕಂತೂ ಗಸಗಸೆಯನ್ನು ಒಯ್ಯುವುದೇ ನಿಷಿದ್ಧ. ಕೊಲ್ಲಿ ದೇಶದಲ್ಲಿರುವ ಮಗಳಿಗೆ ಮಸಾಲೆ ಪೊಟ್ಟಣ ಕಟ್ಟಿಕೊಡುವ ತಾಯಂದಿರು ಇದನ್ನು ಮರೆಯಬಾರದು.

ಊರಿನಿಂದ ಒಯ್ದ ಔಷಧಗಳ ಕಥೆಯೂ ಇಂತಹುದೇ. ಕೋಡೀನ್ ಬೆರೆತ ಕೆಮ್ಮಿನ ಔಷಧ, ಟ್ರಮಡಾಲ್ ಸೇರಿದ ನೋವಿನ ಗುಳಿಗೆಗಳು ನಮ್ಮಲ್ಲಿ ಮನೆಮನೆಯ ಕಪಾಟಿನಲ್ಲಿ ಸಿಗುತ್ತವೆ. ಅಕ್ಕನಿಗೆ ಬರೆದುಕೊಟ್ಟ ಗುಳಿಗೆಯನ್ನು ತಂಗಿ ನುಂಗುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ಅಮೆರಿಕದಲ್ಲಿ ಪರಿಶೀಲನಾ ವೈದ್ಯರು ಕೇಳುವುದು ಆಕೆಯ ಸ್ವಂತ ಹೆಸರಿನ ಚೀಟಿಯನ್ನು. ಅದಿಲ್ಲದಿದ್ದರೆ ನೋವು ನಿಜವಾದರೂ ಉತ್ತರ ಸಲ್ಲದು.

ಕೆಲಸ ಬೇರೆ, ಪರವಾನಗಿ ಬೇರೆ

ಪರೀಕ್ಷೆಯಲ್ಲಿ ಸಿಕ್ಕಿದ ದಾದಿ ಎರಡು ಬಾಗಿಲುಗಳ ಮುಂದೆ ನಿಲ್ಲಬೇಕಾಗುತ್ತದೆ. ಒಂದು ಆಸ್ಪತ್ರೆಯದು, ಇನ್ನೊಂದು ಆಯಾ ರಾಜ್ಯದ ಶುಶ್ರೂಷಾ ಮಂಡಳಿಯದು. ಆಸ್ಪತ್ರೆ ಕೆಲಸದಿಂದ ತೆಗೆಯಬಹುದು. ಆದರೆ ಪರವಾನಗಿಯನ್ನು ಕಿತ್ತುಕೊಳ್ಳುವ ಅಧಿಕಾರ ಮಂಡಳಿಗೆ ಮಾತ್ರ ಉಂಟು. ದೂರು ಬಂದ ನಂತರ ಮಂಡಳಿ ತನಿಖೆ ನಡೆಸುತ್ತದೆ, ದಾದಿಯ ಉತ್ತರ ಕೇಳುತ್ತದೆ. ಎಚ್ಚರಿಕೆ, ಷರತ್ತುಬದ್ಧ ಪರವಾನಗಿ, ಅಮಾನತು, ರದ್ದತಿ - ಹೀಗೆ ಶಿಕ್ಷೆಗೆ ಹಲವು ಮೆಟ್ಟಿಲುಗಳಿವೆ. ರೋಗಿಗಳಿಗೆ ತಕ್ಷಣದ ಅಪಾಯವಿದೆಯೆಂದು ಕಂಡರೆ ವಿಚಾರಣೆಗೆ ಮೊದಲೇ ಅಮಾನತು ಮಾಡುವುದೂ ಉಂಟು.

ಮಂಡಳಿಯ ಶಿಸ್ತುಕ್ರಮ ಒಂದು ರಾಜ್ಯಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಅದು ರಾಷ್ಟ್ರೀಯ ದತ್ತಾಂಶ ಭಂಡಾರವನ್ನು ಸೇರುತ್ತದೆ. ಬೇರೆ ರಾಜ್ಯದಲ್ಲಿ ಅರ್ಜಿ ಹಾಕಿದರೂ ಕಣ್ಣಿಗೆ ಬೀಳುತ್ತದೆ. ಪರವಾನಗಿ ರದ್ದಾದವರನ್ನು, ತನಿಖೆಯ ನಡುವೆ ಅದನ್ನು ಒಪ್ಪಿಸಿಬಿಟ್ಟವರನ್ನು ಕೇಂದ್ರ ಆರೋಗ್ಯ ಇಲಾಖೆ ಬಹಿಷ್ಕೃತರ ಪಟ್ಟಿಗೆ ಸೇರಿಸಬಹುದು. ಆಗ ಮೆಡಿಕೇರ್, ಮೆಡಿಕೈಡ್ ಹಣ ಪಡೆಯುವ ಯಾವ ಸಂಸ್ಥೆಯೂ ಆಕೆಗೆ ಕೆಲಸ ಕೊಡುವಂತಿಲ್ಲ. ಅಲ್ಲಿನ ಬಹುಪಾಲು ಆಸ್ಪತ್ರೆಗಳು ಈ ಹಣವನ್ನು ಪಡೆಯುವಂಥವೇ. ನಾಚಿಕೆಯಿಂದಲೂ ಭಯದಿಂದಲೂ "ಪರವಾನಗಿಯೇ ಬೇಡ" ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುವ ದಾದಿ, ಬಿಡುಗಡೆ ಸಿಕ್ಕಿತೆಂದು ತಿಳಿದರೂ ನಿಜಕ್ಕೂ ದೊಡ್ಡ ಬಾಗಿಲೊಂದನ್ನು ತಾನೇ ಮುಚ್ಚಿಕೊಳ್ಳುತ್ತಾಳೆ. ಸಹಿ ಹಾಕುವ ಮುನ್ನ ಇಂತಹ ಪ್ರಕರಣಗಳನ್ನು ಬಲ್ಲ ವಕೀಲರನ್ನು ಕಾಣುವುದು ಅವಶ್ಯಕ.

ದಂಡನೆಯಿಂದ ಚಿಕಿತ್ಸೆಗೆ

1980ರ ದಶಕದವರೆಗೆ ವ್ಯಸನಕ್ಕೆ ಬಿದ್ದ ದಾದಿಗೆ ಉಳಿದಿದ್ದದ್ದು ಬಹುಮಟ್ಟಿಗೆ ಮನೆಯ ದಾರಿಯೊಂದೇ. 1982ರಲ್ಲಿ ಅಮೆರಿಕದ ದಾದಿಯರ ಸಂಘ ಈ ನಿಲುವನ್ನು ಪ್ರಶ್ನಿಸಿ, ಶಿಸ್ತುಕ್ರಮಕ್ಕೆ ಮೊದಲು ಚಿಕಿತ್ಸೆಯ ಅವಕಾಶ ಸಿಗಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಮರುವರ್ಷ, ಅಂದರೆ 1983ರಲ್ಲಿ, ಫ್ಲಾರಿಡಾ ರಾಜ್ಯ ಕಾನೂನಿನ ಮೂಲಕವೇ ದಾದಿಯರಿಗಾಗಿ ಇಂತಹ ಯೋಜನೆಯನ್ನು ಸ್ಥಾಪಿಸಿ ಇತರರಿಗೆ ದಾರಿ ತೋರಿತು. ಈಗ ಹೆಚ್ಚಿನ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದು ಜಾರಿಯಲ್ಲಿದೆ. ದಾದಿ ತಾನಾಗಿ ಬಂದು ಸೇರಿ ಷರತ್ತುಗಳನ್ನು ಪಾಲಿಸಿದರೆ, ಅನೇಕ ಕಡೆ ಆಕೆಯ ಹೆಸರು ಸಾರ್ವಜನಿಕ ಶಿಸ್ತುಪಟ್ಟಿಯನ್ನು ಸೇರದು.

ದಾದಿಯರು ಈ ಬಲೆಗೆ ಬೀಳುವುದಾದರೂ ಏಕೆ? ರೋಗಿಗಳನ್ನು ಎತ್ತಿ ಇಳಿಸಿ ಬೆನ್ನು ಸೋಲುತ್ತದೆ. ನೋವಿಗೆಂದು ಆರಂಭಿಸಿದ ಗುಳಿಗೆ ಅಭ್ಯಾಸವಾಗುತ್ತದೆ. ಹನ್ನೆರಡು ಗಂಟೆಗಳ ಪಾಳಿ, ನಿದ್ದೆಗೆಟ್ಟ ರಾತ್ರಿಗಳು, ಕಣ್ಣೆದುರಿನ ಸಾವುಗಳು ಸಾಲದೆಂಬಂತೆ ಮಾರ್ಫಿನ್, ಫೆಂಟನಿಲ್‌ಗಳು ಕೈಗೆಟಕುವಂತೆ ಇರುತ್ತವೆ. ಔಷಧಗಳ ಗುಣವನ್ನು ಬಲ್ಲವಳೆಂಬ ಆತ್ಮವಿಶ್ವಾಸವೂ ಮೋಸ ಮಾಡುತ್ತದೆ.

ಚಿಕಿತ್ಸಾ ಯೋಜನೆ ಸುಲಭದ ದಾರಿಯೆಂದು ಯಾರೂ ಭಾವಿಸಬಾರದು. ಮೂರರಿಂದ ಐದು ವರ್ಷಗಳ ಒಪ್ಪಂದ ಸಾಮಾನ್ಯ. ಪ್ರತಿದಿನ ಬೆಳಿಗ್ಗೆ ವಿಚಾರಿಸಿ ಇಂದು ತನ್ನ ಸರದಿಯೇ ಎಂದು ತಿಳಿಯಬೇಕು. ಹೌದೆಂದರೆ ಅಂದೇ ಪ್ರಯೋಗಾಲಯಕ್ಕೆ ಓಡಬೇಕು. ಖರ್ಚು ಬಹುತೇಕ ದಾದಿಯದೇ. ಕೆಲಸಕ್ಕೆ ಮರಳಿದರೂ ಕೆಲಕಾಲ ಮಾದಕ ಔಷಧಗಳ ಕಪಾಟನ್ನು ಮುಟ್ಟುವಂತಿಲ್ಲ. ರಾತ್ರಿ ಪಾಳಿ, ಹೆಚ್ಚುವರಿ ದುಡಿಮೆಗಳಿಗೂ ನಿರ್ಬಂಧ ಬರಬಹುದು. ಹಲವು ರಾಜ್ಯಗಳಲ್ಲಿ ಸಂಚರಿಸಿ ದುಡಿಯಲು ಅನುವು ಮಾಡುವ ಬಹುರಾಜ್ಯ ಪರವಾನಗಿಯೂ ಈ ಅವಧಿಯಲ್ಲಿ ಸಿಗದು.

ಮದ್ಯವನ್ನೂ ಪೂರ್ತಿ ಬಿಡಬೇಕು. ಅದನ್ನು ಪತ್ತೆ ಮಾಡುವ ಸೂಕ್ಷ್ಮ ಮೂತ್ರ ಪರೀಕ್ಷೆಯೊಂದು ಬಾಯಿ ಮುಕ್ಕಳಿಸುವ ದ್ರಾವಣದಿಂದಲೂ, ದಾದಿಯರು ದಿನಕ್ಕೆ ಹತ್ತಾರು ಬಾರಿ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್‌ನಿಂದಲೂ ತಪ್ಪು ಸುಳಿವು ಕೊಡಬಲ್ಲದು. ಇದೊಂದನ್ನೇ ಆಧಾರವಾಗಿಟ್ಟು ಯಾರನ್ನೂ ಶಿಕ್ಷಿಸಬಾರದೆಂದು ಕೇಂದ್ರ ಸರ್ಕಾರದ ಸಂಸ್ಥೆಯೇ 2006ರಲ್ಲಿ ಎಚ್ಚರಿಸಿತ್ತು.

ರೋಗಿಯ ಪಕ್ಷ

ಇಷ್ಟೊಂದು ಕಟ್ಟುನಿಟ್ಟು ಏಕೆಂದು ಕೇಳುವವರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸೆಟರ್ ಆಸ್ಪತ್ರೆಯ ಪ್ರಕರಣವನ್ನು ನೆನೆಯಬೇಕು. 2012ರಲ್ಲಿ ಅಲ್ಲಿ ಬೆಳಕಿಗೆ ಬಂದ ಸಂಗತಿ ಭೀಕರವಾಗಿತ್ತು. ದಾದಿಯಲ್ಲದ, ತಂತ್ರಜ್ಞನಾಗಿದ್ದ ಉದ್ಯೋಗಿಯೊಬ್ಬ ರೋಗಿಗಳಿಗೆಂದು ಇಟ್ಟಿದ್ದ ಫೆಂಟನಿಲ್ ಸಿರಿಂಜುಗಳನ್ನು ಕದ್ದು ಬಳಸಿ, ಉಪ್ಪುನೀರು ತುಂಬಿ ಮರಳಿ ಇಡುತ್ತಿದ್ದ. ಅವನಲ್ಲಿದ್ದ ಹೆಪಟೈಟಿಸ್ ಸಿ ರೋಗ ಆ ರಾಜ್ಯವೊಂದರಲ್ಲೇ 30ಕ್ಕೂ ಹೆಚ್ಚು ರೋಗಿಗಳಿಗೆ ಹರಡಿತು. ಅದಕ್ಕೆ ಮುಂಚೆ ಬೇರೆ ರಾಜ್ಯಗಳ ಆಸ್ಪತ್ರೆಗಳಲ್ಲಿ ಸಂಶಯಕ್ಕೆ ಗುರಿಯಾಗಿ ಕೆಲಸ ಕಳೆದುಕೊಂಡಿದ್ದವನು, ಊರಿಂದೂರಿಗೆ ಹೊಸ ಕೆಲಸ ಹಿಡಿಯುತ್ತ ಬಂದಿದ್ದ. 2013ರಲ್ಲಿ ನ್ಯಾಯಾಲಯ ಅವನಿಗೆ 39 ವರ್ಷಗಳ ಸೆರೆವಾಸ ವಿಧಿಸಿತು. ತಪ್ಪನ್ನು ಮುಚ್ಚಿಟ್ಟು ಸದ್ದಿಲ್ಲದೆ ಹೊರಗೆ ಕಳುಹಿಸುವುದು ಕರುಣೆಯಲ್ಲ. ಅದು ಮುಂದಿನ ಆಸ್ಪತ್ರೆಯ ರೋಗಿಗೆ ಮಾಡುವ ದ್ರೋಹ.

ಗಾಂಜಾದ ಗೊಂದಲ

ಹೊಸದಾಗಿ ಹೋಗುವವರನ್ನು ದಾರಿತಪ್ಪಿಸುವ ಮತ್ತೊಂದು ಸಂಗತಿ ಗಾಂಜಾ. 1996ರಲ್ಲಿ ಕ್ಯಾಲಿಫೋರ್ನಿಯಾ ಔಷಧಕ್ಕಾಗಿ, 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ವಯಸ್ಕರ ಸ್ವಂತ ಬಳಕೆಗಾಗಿ ಅದಕ್ಕೆ ಅನುಮತಿ ಕೊಟ್ಟವು. ಅನೇಕ ರಾಜ್ಯಗಳು ಅವನ್ನು ಹಿಂಬಾಲಿಸಿವೆ. ಆದರೆ ಕೇಂದ್ರ ಕಾನೂನು ಅದನ್ನು ನಿಯಂತ್ರಿತ ವಸ್ತುಗಳ ಸಾಲಿನಿಂದ ಕೈಬಿಟ್ಟಿಲ್ಲ. ಕೊಲರಾಡೊದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಉದ್ಯೋಗಿಯೊಬ್ಬ ವೈದ್ಯಕೀಯ ಅನುಮತಿ ಪಡೆದೇ ಮನೆಯಲ್ಲಿ ಗಾಂಜಾ ಬಳಸುತ್ತಿದ್ದ. ಪರೀಕ್ಷೆಯಲ್ಲಿ ಸಿಕ್ಕ ಅವನನ್ನು ಕಂಪನಿ ಕೆಲಸದಿಂದ ತೆಗೆದದ್ದು ಸರಿಯೆಂದು 2015ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕೆಲವು ರಾಜ್ಯಗಳು ಉದ್ಯೋಗಿಗಳಿಗೆ ಈಗ ಒಂದಿಷ್ಟು ರಕ್ಷಣೆ ನೀಡಿವೆಯಾದರೂ, ಅಂಗಡಿಯಲ್ಲಿ ಮಾರುವುದೆಲ್ಲ ದಾದಿಗೆ ಸಲ್ಲುವುದೆಂದು ತಿಳಿಯುವಂತಿಲ್ಲ.

ಚೇತರಿಸಿಕೊಂಡವರ ಹಕ್ಕು

ವ್ಯಸನದಿಂದ ಹೊರಬಂದವರಿಗೆ ಅಲ್ಲಿನ ಕಾನೂನಿನಲ್ಲಿ ನೆಲೆಯಿದೆ. 1990ರ ಅಂಗವಿಕಲರ ಹಕ್ಕುಗಳ ಕಾಯಿದೆ ಅಕ್ರಮವಾಗಿ ಮಾದಕ ವಸ್ತು ಬಳಸುತ್ತಿರುವವರನ್ನು ಕಾಪಾಡದು; ಬಿಟ್ಟು ಚೇತರಿಸಿಕೊಂಡವರನ್ನು ಕಾಪಾಡುತ್ತದೆ. ವ್ಯಸನಕ್ಕೆ ವೈದ್ಯರು ಕೊಟ್ಟ ಔಷಧವನ್ನು ಸೇವಿಸುತ್ತಿದ್ದ ದಾದಿಯನ್ನು ಇಂಡಿಯಾನಾ ರಾಜ್ಯದ ಶುಶ್ರೂಷಾ ಮಂಡಳಿ ಪುನರ್ವಸತಿ ಯೋಜನೆಯಿಂದ ದೂರವಿಟ್ಟದ್ದು ಈ ಕಾಯಿದೆಯ ಉಲ್ಲಂಘನೆಯೆಂದು 2022ರ ಮಾರ್ಚಿನಲ್ಲಿ ಕೇಂದ್ರ ನ್ಯಾಯ ಇಲಾಖೆ ಹೇಳಿತು.

ಪರದೇಶದಿಂದ ಹೋದ ದಾದಿಗೆ ಮಾತ್ರ ಇನ್ನೊಂದು ಕೊರಳುಪಟ್ಟಿ ಇದೆ: ವೀಸಾ. ಎಚ್-1ಬಿ ವೀಸಾದವರು ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳೊಳಗೆ ಬೇರೆ ದಾರಿ ಹುಡುಕಬೇಕು. ಹೀಗಾಗಿ ಸ್ಥಳೀಯಳಿಗೆ ವೃತ್ತಿಯ ಪ್ರಶ್ನೆಯಾದದ್ದು ನಮ್ಮವಳಿಗೆ ಇಡೀ ಸಂಸಾರದ ಪ್ರಶ್ನೆಯಾಗುತ್ತದೆ. ಈ ಭಯವೇ ಆಕೆಯ ಬಾಯಿ ಕಟ್ಟುತ್ತದೆ.

ಆ ಮೌನವನ್ನು ಮುರಿಯುವಲ್ಲಿ ಕುಟುಂಬದ ಪಾತ್ರ ದೊಡ್ಡದು. ತಿಂಗಳ ಹಣ ಬಂತೇ ಎಂದು ಕೇಳುವಷ್ಟೇ ಆಸ್ಥೆಯಿಂದ ನಿದ್ದೆ ಬರುತ್ತಿದೆಯೇ, ಬೆನ್ನುನೋವು ಹೇಗಿದೆ ಎಂದೂ ಕೇಳೋಣ. ಊರಿನಿಂದ ಔಷಧ ಕಳುಹಿಸುವ ಮೊದಲು ಅದರಲ್ಲಿ ಏನಿದೆಯೆಂದು ಓದಿ ನೋಡೋಣ. ಸಿಕ್ಕಿಬೀಳುವ ಮೊದಲೇ ತಾನಾಗಿ ಹೋಗಿ ನೆರವು ಕೇಳಿದ ದಾದಿಗೆ ದೊರೆಯುವ ಅವಕಾಶಗಳು ಸಿಕ್ಕಿಬಿದ್ದವಳಿಗಿಂತ ಹೆಚ್ಚು. ಆದರೆ ಆಕೆ ಮೊದಲು ಬಾಯಿ ಬಿಡಬೇಕಾದುದು ಮನೆಯವರ ಮುಂದೆ. "ನೆರೆಯವರು ಏನೆಂದಾರು" ಎಂಬ ಮಾತು ನಮ್ಮ ಬಾಯಿಂದ ಬಂದರೆ ಅವಳ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹಲವು ವರ್ಷ ಪರರ ನೋವಿಗೆ ಎಚ್ಚರವಿದ್ದವಳ ನೋವಿಗೆ ಒಂದು ರಾತ್ರಿ ಎಚ್ಚರವಿರುವುದು ನಮಗೆ ಭಾರವಾಗದಿರಲಿ.