ಕ್ಲೀನರ್ ಸೀಟಿನಿಂದ ಚಾಲಕನ ಸೀಟಿಗೆ: ಲಾರಿಯೊಳಗಿನ ತರಬೇತಿಯೂ ನಮ್ಮ ಸರಕಿನ ಸುರಕ್ಷತೆಯೂ

ಸರಕನ್ನು ಲಾರಿಗೆ ಒಪ್ಪಿಸುವಾಗ ವ್ಯಾಪಾರಿಯು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾನೆ: ಬಾಡಿಗೆ ಎಷ್ಟು, ಸರಕು ಯಾವ ದಿನ ತಲುಪುತ್ತದೆ, ಲಾರಿ ರಸೀದಿ ಎಲ್ಲಿ. ಲಾರಿಯನ್ನು ಓಡಿಸುವವನು ಯಾರು, ಅವನು ಆ ವಿದ್ಯೆಯನ್ನು ಎಲ್ಲಿ ಕಲಿತನು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಲಕ್ಷಾಂತರ ರೂಪಾಯಿಗಳ ಸರಕಿನ ಭವಿಷ್ಯವು ಈ ನಾಲ್ಕನೆಯ ಪ್ರಶ್ನೆಯನ್ನೇ ಅವಲಂಬಿಸಿರುವುದರಿಂದ ಈ ವಿಷಯವನ್ನು ಸದಸ್ಯರ ಗಮನಕ್ಕೆ ತರುವುದು ಉಚಿತವೆನಿಸುತ್ತದೆ.

ಕ್ಯಾಬಿನ್ನೇ ಪಾಠಶಾಲೆ

ನಮ್ಮ ದೇಶದಲ್ಲಿ ಭಾರಿ ವಾಹನದ ಚಾಲಕರಲ್ಲಿ ಬಹುಪಾಲು ಮಂದಿ ರೂಪುಗೊಂಡಿರುವುದು ಚಾಲನಾ ಶಾಲೆಯಲ್ಲಲ್ಲ, ಲಾರಿಯ ಕ್ಯಾಬಿನ್ನಿನಲ್ಲಿ. ಹಳ್ಳಿಯ ಯುವಕನೊಬ್ಬ ಪರಿಚಯದ ಚಾಲಕನ ಜೊತೆಯಲ್ಲಿ ಕ್ಲೀನರ್ ಆಗಿ ಹೊರಡುತ್ತಾನೆ. ಎರಡು ಮೂರು ವರ್ಷ ಅವನಿಗೆ ಮನೆ, ಅಡುಗೆಮನೆ, ಮಲಗುವ ಜಾಗ, ಪಾಠಶಾಲೆ ಎಲ್ಲವೂ ಆ ಲಾರಿಯೇ.

ಮೊದಲ ಹಂತದಲ್ಲಿ ಸ್ಟಿಯರಿಂಗ್ ಮುಟ್ಟುವ ಮಾತಿಲ್ಲ. ಗಾಜು ಒರೆಸುವುದು, ರೇಡಿಯೇಟರಿನ ನೀರು ಮತ್ತು ಎಂಜಿನ್ ಆಯಿಲ್ ನೋಡುವುದು, ಲಾರಿ ನಿಂತಾಗಲೆಲ್ಲ ಟೈರುಗಳನ್ನು ಸಲಾಕೆಯಿಂದ ತಟ್ಟಿ ಶಬ್ದದಿಂದಲೇ ಗಾಳಿಯನ್ನು ಅಂದಾಜು ಮಾಡುವುದು, ಸ್ಟೆಪ್ನಿ ಬದಲಿಸುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಇಳಿಜಾರಿನಲ್ಲಿ ನಿಂತರೆ ಚಕ್ರಕ್ಕೆ ಅಡ್ಡಮರ ಕೊಡುವುದು, ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಇಳಿದು ದಾರಿ ತೋರಿಸುವುದು ಅವನ ಕೆಲಸ. ರಾತ್ರಿ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಲಾರಿ ನಿಂತಾಗ ಡೀಸೆಲ್, ಟಾರ್ಪಾಲು ಮತ್ತು ಸರಕಿನ ಕಾವಲೂ ಅವನದೇ.

ಎರಡನೆಯ ಹಂತದಲ್ಲಿ ಲೋಡಿಂಗ್ ಅಂಗಳದಲ್ಲಿ ಲಾರಿಯನ್ನು ಹಿಂದೆ ಮುಂದೆ ಮಾಡಲು ಕೊಡುತ್ತಾರೆ. ಮೂರನೆಯದಾಗಿ ಖಾಲಿ ಲಾರಿಯನ್ನು ನೇರ ರಸ್ತೆಯಲ್ಲಿ, ಹಗಲಿನಲ್ಲಿ ಓಡಿಸಲು ಬಿಡುತ್ತಾರೆ. ಕೊನೆಯಲ್ಲಿ ಬರುವುದು ಸರಕು ತುಂಬಿದ ಲಾರಿ, ರಾತ್ರಿ ಮತ್ತು ಘಾಟಿ.

ಈ ಪದ್ಧತಿಯಲ್ಲಿ ಕಲಿತವನಿಗೆ ಪುಸ್ತಕದಿಂದ ಬಾರದ ವಿವೇಕ ಬರುತ್ತದೆ ಎಂಬುದನ್ನು ಒಪ್ಪಲೇಬೇಕು. ಶಿರಾಡಿ ಘಾಟಿಯನ್ನು ತುಂಬಿದ ಲಾರಿಯೊಡನೆ ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಡ್ರಮ್ಮುಗಳು ಕಾದು ಬ್ರೇಕಿನ ಹಿಡಿತ ಕುಗ್ಗುತ್ತದೆ. ಆದುದರಿಂದ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ತಡೆಯಿಂದಲೇ ವೇಗವನ್ನು ಹಿಡಿಯಬೇಕು. ಸರಕು ಒಂದು ಪಕ್ಕಕ್ಕೆ ವಾಲಿದ್ದರೆ ತಿರುವಿನಲ್ಲಿ ಲಾರಿ ಹೇಗೆ ಎಳೆಯುತ್ತದೆ, ಯಾವ ಶಬ್ದ ಬೇರಿಂಗಿನದು, ಯಾವುದು ಸಡಿಲವಾದ ಹಗ್ಗದ್ದು ಎಂಬುದನ್ನು ಪಕ್ಕದಲ್ಲಿ ಕುಳಿತು ಸಾವಿರಾರು ಕಿಲೋಮೀಟರ್ ಕಂಡವನೇ ಬಲ್ಲ.

ಆದರೆ ದೋಷವೂ ಅಲ್ಲಿಯೇ ಇದೆ. ಗುರುವಿನ ಗುಣದೊಡನೆ ಗುರುವಿನ ದುರಭ್ಯಾಸವೂ ಶಿಷ್ಯನಿಗೆ ಬರುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ ಲಾರಿಯನ್ನು ಜಾರಬಿಡುವುದು, ನಿದ್ರೆಯನ್ನು ಚಹಾದಿಂದ ತಳ್ಳುವುದು, ಹೆಚ್ಚು ಭಾರವನ್ನು ಸಹಜವೆಂದು ಭಾವಿಸುವುದು ಇವೆಲ್ಲವೂ ಅದೇ ಪಾಠಶಾಲೆಯ ಪಾಠಗಳೇ. ಕಲಿಕೆ ಮುಗಿಯಿತೆಂದು ತೀರ್ಮಾನಿಸುವವನೂ ದಣಿದಿರುವ ಅದೇ ಚಾಲಕನೇ.

ಒಂದೇ ಕ್ಯಾಬಿನ್ನಿನ ಸಹವಾಸ

ಇಬ್ಬರು ವ್ಯಕ್ತಿಗಳು ವಾರಗಟ್ಟಲೆ ಒಂದು ಚಿಕ್ಕ ಕೋಣೆಗಿಂತಲೂ ಕಿರಿದಾದ ಸ್ಥಳದಲ್ಲಿ ಬಾಳುವುದು ಸುಲಭವಲ್ಲ. ಎಂಜಿನ್ನಿನ ಶಾಖ, ಅರೆನಿದ್ರೆ, ಸ್ನಾನಕ್ಕೆ ನೀರಿಲ್ಲದಿರುವುದು, ಊರಿಗೆ ಹೋಗುವ ದಿನ ತಿಳಿಯದಿರುವುದು ಇವುಗಳ ನಡುವೆ ಬೈಗುಳವೂ ಸೇರಿದರೆ ಹುಡುಗನು ಮೂರನೆಯ ಟ್ರಿಪ್ಪಿಗೇ ಲಾರಿ ಬಿಟ್ಟು ಇಳಿಯುತ್ತಾನೆ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಟ್ರಕ್ಕುಗಳ ಕ್ಯಾಬಿನ್ನಿಗೆ 2025ರಲ್ಲಿ ಹವಾನಿಯಂತ್ರಣ ಕಡ್ಡಾಯವಾಗಿರುವುದು ಸ್ವಾಗತಾರ್ಹ. ಆದರೆ ರಸ್ತೆಯಲ್ಲಿರುವ ಹಳೆಯ ಲಾರಿಗಳಿಗೆ ಅದು ಅನ್ವಯಿಸುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಖರ್ಚು ತಗ್ಗಿಸಲೆಂದು ಅನೇಕ ಮಾಲೀಕರು ಕ್ಲೀನರ್‌ನನ್ನೇ ಇಟ್ಟುಕೊಳ್ಳುತ್ತಿಲ್ಲ. ಒಬ್ಬನ ಸಂಬಳ ಮತ್ತು ಬಾಟಾ ಉಳಿಯಿತು ನಿಜ; ಆದರೆ ಮುಂದಿನ ಚಾಲಕನು ತಯಾರಾಗುವ ಸ್ಥಳವೂ ಮುಚ್ಚಿತು. ಇಂದು ಸಾರಿಗೆ ಉದ್ಯಮವು ಹೇಳಿಕೊಳ್ಳುತ್ತಿರುವ ಚಾಲಕರ ಅಭಾವಕ್ಕೆ ಇದೂ ಒಂದು ಕಾರಣ.

ಕಾನೂನಿನ ನೋಟ

1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಲಘು ಮೋಟಾರು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗದ ಹೊರತು ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ದೊರೆಯುವುದಿಲ್ಲ. 2007ರಲ್ಲಿ ಸೇರಿಸಲಾಗಿದ್ದ ಎಂಟನೆಯ ತರಗತಿಯ ಷರತ್ತನ್ನು 2019ರಲ್ಲಿ ತೆಗೆದುಹಾಕಲಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಕಲಿಯುವವನ ಪಕ್ಕದಲ್ಲಿ ಲೈಸೆನ್ಸ್ ಉಳ್ಳ ಬೋಧಕನು ವಾಹನವನ್ನು ನಿಯಂತ್ರಿಸಬಲ್ಲ ಅಥವಾ ನಿಲ್ಲಿಸಬಲ್ಲ ಸ್ಥಾನದಲ್ಲಿ ಕುಳಿತಿರಬೇಕು. ಹಿಂದಿನ ಬರ್ತಿನಲ್ಲಿ ನಿದ್ರಿಸುತ್ತಿರುವವನು ಬೋಧಕನಾಗಲಾರನು.

2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಜಾರಿಗೆ ಬಂದಿದ್ದು, ಅಲ್ಲಿ ಮಧ್ಯಮ ಮತ್ತು ಭಾರಿ ವಾಹನದ ತರಬೇತಿಗೆ 6 ವಾರಗಳಲ್ಲಿ 38 ಗಂಟೆಗಳನ್ನು ನಿಗದಿಪಡಿಸಲಾಗಿದೆ. 38 ಗಂಟೆ ಲೈಸೆನ್ಸಿಗೆ ಸಾಕಾಗಬಹುದು. ಆದರೆ ತುಂಬಿದ ಲಾರಿಯನ್ನು ರಾತ್ರಿ ಘಾಟಿ ಇಳಿಸಲು ಅದರ ಮೇಲೆ ಕ್ಯಾಬಿನ್ನಿನ ಅನುಭವವೂ ಬೇಕು. ಶಾಲೆ ಮತ್ತು ಕ್ಯಾಬಿನ್ ಒಂದಕ್ಕೊಂದು ಪರ್ಯಾಯವಲ್ಲ, ಪೂರಕ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪೂರಕ ಕ್ರಮವೇ ರೂಢಿಯಲ್ಲಿದೆ. 2022ರ ಫೆಬ್ರವರಿ 7ರಿಂದ ಅಲ್ಲಿ ಹೊಸ ಚಾಲಕರಿಗೆ ನೋಂದಾಯಿತ ಸಂಸ್ಥೆಯಲ್ಲಿ ತರಬೇತಿ ಕಡ್ಡಾಯ. ಲೈಸೆನ್ಸ್ ಪಡೆದ ಮೇಲೂ ದೂರ ಮಾರ್ಗದ ದೊಡ್ಡ ಕಂಪನಿಗಳು ಹೊಸಬನನ್ನು ಕೆಲವು ವಾರ ತರಬೇತುದಾರ ಚಾಲಕನೊಡನೆ ಒಂದೇ ಟ್ರಕ್ಕಿನಲ್ಲಿ ವಾಸವಿರಿಸುತ್ತವೆ. ಸಾಮಾನ್ಯವಾಗಿ ಕ್ಯಾಬಿನ್ನಿನಲ್ಲಿ ಎರಡು ಬರ್ತುಗಳಿರುತ್ತವೆ. ಹತ್ತು ಗಂಟೆಗಳ ಬಿಡುವಿನ ನಂತರ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತು ಆ ಲೆಕ್ಕವನ್ನು ಟ್ರಕ್ಕಿನಲ್ಲಿ ಅಳವಡಿಸಿದ ಎಲೆಕ್ಟ್ರಾನಿಕ್ ಸಾಧನವೇ ಬರೆದಿಡುತ್ತದೆ. ಕಲಿಕಾ ಪರವಾನಗಿ ಮಾತ್ರ ಉಳ್ಳವನು ಓಡಿಸುವಾಗ ಲೈಸೆನ್ಸ್ ಉಳ್ಳವನು ಮುಂದಿನ ಸೀಟಿನಲ್ಲಿಯೇ ಇರಬೇಕು. ಇಕ್ಕಟ್ಟು, ಮನಸ್ತಾಪಗಳು ಅಲ್ಲಿಯೂ ತಪ್ಪಿದ್ದಲ್ಲ. ವ್ಯತ್ಯಾಸವಿಷ್ಟೆ: ಕಲಿಕೆಯ ಅವಧಿಗೆ ಅಲ್ಲಿ ಆರಂಭ, ಅಂತ್ಯ ಮತ್ತು ದಾಖಲೆ ಇವೆ.

ಕಲಿಯುವವನು ಎರಡನೆಯ ಚಾಲಕನಾಗುವ ಬಗೆ

ಈಗ ಒಂದು ಸರಳ ಲೆಕ್ಕವನ್ನು ನೋಡೋಣ. ಬೆಂಗಳೂರಿನಿಂದ ಮುಂಬಯಿಗೆ ಸುಮಾರು 1,000 ಕಿ.ಮೀ. ತುಂಬಿದ ಲಾರಿಯ ಸರಾಸರಿ ವೇಗವನ್ನು ಗಂಟೆಗೆ 40 ಕಿ.ಮೀ. ಎಂದು ಹಿಡಿದರೆ ಓಟದ ಅವಧಿಯೇ 25 ಗಂಟೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಯ ಮಿತಿಯನ್ನು ವಿಧಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ 8 ಗಂಟೆಯ ದಿನವೇ ಉಳಿದಿದೆ. ಈ ಪ್ರಕಾರ ಒಬ್ಬ ಚಾಲಕನಿಗೆ ಮೂರು ದಿನಕ್ಕಿಂತ ತುಸು ಹೆಚ್ಚು ಬೇಕು. ಸರಕು ಕಳುಹಿಸುವವರು ಕೇಳುವುದಾದರೋ 'ನಾಳಿದ್ದು ಬೆಳಿಗ್ಗೆ'.

ಈ ಅಂತರವನ್ನು ತುಂಬುವವನೇ ಕಲಿಯುತ್ತಿರುವ ಹುಡುಗ. ಚಾಲಕನು ದಣಿದಾಗ, ರಸ್ತೆ ಖಾಲಿಯಿರುವ ನಡುರಾತ್ರಿಯಲ್ಲಿ, ಸ್ಟಿಯರಿಂಗ್ ಅವನ ಕೈಗೆ ಬರುತ್ತದೆ. ರಾಷ್ಟ್ರೀಯ ಪರವಾನಗಿಯ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು 2018ರ ನವೆಂಬರಿನಲ್ಲಿ ಸಡಿಲಿಸಿದ ಮೇಲೆ ಲೈಸೆನ್ಸ್ ಉಳ್ಳ ಎರಡನೆಯ ಚಾಲಕನನ್ನು ಇಟ್ಟುಕೊಳ್ಳಲೇಬೇಕೆಂಬ ಒತ್ತಾಯವೂ ಉಳಿದಿಲ್ಲ.

ಈ ಅವಸರಕ್ಕೆ ಇ-ವೇ ಬಿಲ್ ಕಾರಣವೆಂದು ಹೇಳುವುದುಂಟು. ಅದು ಸರಿಯಲ್ಲ. 2021ರ ಜನವರಿ 1ರಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಬಿಲ್ಲಿನ ಅವಧಿ ದೊರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಐದು ದಿನ. ಲಾರಿ ಕೆಟ್ಟು ನಿಂತಂತಹ ಸಂದರ್ಭದಲ್ಲಿ ಅವಧಿ ಮುಗಿಯುವ ಮೊದಲಿನ ಅಥವಾ ನಂತರದ 8 ಗಂಟೆಯೊಳಗೆ ವಿಸ್ತರಣೆಗೂ ಅವಕಾಶವಿದೆ. ಚಾಲಕನು ರಾತ್ರಿ ಮಲಗಲು ಕಾನೂನು ಸಾಕಷ್ಟು ಸಮಯ ನೀಡಿದೆ. ಸಮಯ ನೀಡದಿರುವುದು ನಮ್ಮ ಆರ್ಡರ್ ಪತ್ರ.

ವಿಮೆಯ ಷರತ್ತು

ಸರಕು ಸಾಗಣೆ ವಾಹನದ ವಿಮಾ ಪಾಲಿಸಿಯಲ್ಲಿ ಚಾಲಕನ ಕುರಿತ ಒಂದು ಷರತ್ತಿದೆ. ಅದರಂತೆ ಕಲಿಕಾ ಲೈಸೆನ್ಸ್ ಉಳ್ಳವನು ಅಪಘಾತದ ವೇಳೆ ವಾಹನವು ಸರಕು ಸಾಗಿಸುತ್ತಿರದಿದ್ದರೆ ಮಾತ್ರ ಅದನ್ನು ಓಡಿಸಬಹುದು. ಅಂದರೆ ಲಾರಿ ತುಂಬಿರುವಾಗ ಕಲಿಯುವವನು ಓಡಿಸಿ ಅಪಘಾತವಾದರೆ ಲಾರಿಯ ನಷ್ಟದ ಕ್ಲೇಮು ತಿರಸ್ಕೃತವಾಗಲು ಆಸ್ಪದವಿದೆ. ಮೂರನೆಯ ವ್ಯಕ್ತಿಯ ಪರಿಹಾರದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸಂತ್ರಸ್ತರ ಪರವಾದ ನಿಲುವನ್ನು ತಾಳಿದ್ದರೂ, ವಿಮಾ ಕಂಪನಿಯು ಮೊದಲು ಪಾವತಿಸಿ ನಂತರ ಮಾಲೀಕನಿಂದ ವಸೂಲು ಮಾಡುವ ಸಂದರ್ಭಗಳುಂಟು. ಲೈಸೆನ್ಸ್ ಇಲ್ಲದವನಿಗೆ ವಾಹನ ಕೊಟ್ಟ ಮಾಲೀಕನೂ ಕಾಯಿದೆಯ 180ನೆಯ ಕಲಮಿನಂತೆ ಶಿಕ್ಷಾರ್ಹನು.

ಇದು ಲಾರಿ ಮಾಲೀಕನ ತೊಂದರೆ, ನಮಗೇನು ಎಂದು ಸರಕಿನ ಒಡೆಯರು ಭಾವಿಸಬಾರದು. ಲಾರಿಯ ಪಾಲಿಸಿಯು ಅದರಲ್ಲಿರುವ ಸರಕಿಗೆ ರಕ್ಷಣೆ ನೀಡುವುದಿಲ್ಲ. ಸರಕಿಗೆ ಪ್ರತ್ಯೇಕ ಸಾಗಣೆ ವಿಮೆ ಇಲ್ಲದಿದ್ದರೆ, ತನ್ನ ಲಾರಿಯನ್ನೇ ಕಳೆದುಕೊಂಡ ಸಣ್ಣ ಮಾಲೀಕನಿಂದ ಹಣ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ಲೋಡಿಂಗ್ ಸಮಯದಲ್ಲಿ ಚಾಲಕನ ಲೈಸೆನ್ಸನ್ನು ನೋಡಿ, ಸಂಖ್ಯೆ ಮತ್ತು ಅವಧಿಯನ್ನು ಗೇಟ್ ಪುಸ್ತಕದಲ್ಲಿ ಬರೆದಿಡಿ. ಜೊತೆಯಲ್ಲಿರುವವನು ಕ್ಲೀನರೋ ಎರಡನೆಯ ಚಾಲಕನೋ ಎಂಬುದನ್ನೂ ನಮೂದಿಸಿ.

2. ತಲುಪಿಸುವ ದಿನವನ್ನು ದೂರಕ್ಕೆ ತಕ್ಕಂತೆ ನಿಗದಿಪಡಿಸಿ. ನಿಜವಾಗಿಯೂ ಅವಸರವಿದ್ದರೆ ಲೈಸೆನ್ಸ್ ಉಳ್ಳ ಇಬ್ಬರು ಚಾಲಕರನ್ನು ಕೇಳಿ, ಅದಕ್ಕೆ ತಕ್ಕ ಬಾಡಿಗೆ ನೀಡಿ.

3. ಸರಕಿಗೆ ಸಾಗಣೆ ವಿಮೆ ಮಾಡಿಸಿ. ನಷ್ಟವಾದಲ್ಲಿ 2007ರ ರಸ್ತೆ ಸರಕು ಸಾಗಣೆ ಕಾಯಿದೆಯಂತೆ, ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಲಿಖಿತ ನೋಟೀಸು ಕೊಡದಿದ್ದರೆ ದಾವೆ ನಿಲ್ಲುವುದಿಲ್ಲ ಎಂಬುದನ್ನು ಮರೆಯಬೇಡಿ.

4. ಕಾರ್ಖಾನೆಗೆ ಸ್ವಂತ ವಾಹನವಿದ್ದರೆ, ಒಟ್ಟು ತೂಕ 7,500 ಕಿ.ಗ್ರಾಂ. ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಉಳ್ಳವನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಹೊಸಬನು ಇಂತಹ ಚಿಕ್ಕ ವಾಹನದಲ್ಲಿ ಪಳಗಿ ಮುಂದೆ ಹೋಗುವುದು ಸುರಕ್ಷಿತ ಮಾರ್ಗ.

5. ಕಲಿಯುವವನಿಗೆ ಒಂದು ಪುಸ್ತಕವನ್ನಿಡಿ. ಖಾಲಿ ಲಾರಿ, ತುಂಬಿದ ಲಾರಿ, ಹಗಲು, ರಾತ್ರಿ, ಘಾಟಿ ಎಂಬ ವಿಭಾಗಗಳಲ್ಲಿ ಓಡಿಸಿದ ಗಂಟೆಗಳನ್ನು ಬರೆಯಿಸಿ. ಲೈಸೆನ್ಸ್ ಕೈಗೆ ಬರುವವರೆಗೆ ತುಂಬಿದ ಲಾರಿಯ ಪುಟ ಖಾಲಿಯೇ ಇರಲಿ. ಕಲಿಸುವ ಚಾಲಕನಿಗೆ ತಿಂಗಳಿಗಿಷ್ಟೆಂದು ಹೆಚ್ಚುವರಿ ಭತ್ಯೆ ಕೊಡಿ. ಬಿಟ್ಟಿ ಪಾಠಕ್ಕೆ ಶ್ರದ್ಧೆ ಇರುವುದಿಲ್ಲ.

6. ಕಾರ್ಖಾನೆಯ ಗೇಟಿನ ಬಳಿ ಲಾರಿಯವರಿಗೆ ನೆರಳು, ಕುಡಿಯುವ ನೀರು, ಶೌಚಾಲಯ ಮತ್ತು ಸ್ನಾನದ ಕೊಠಡಿಯನ್ನು ಒದಗಿಸಿ. ಅನ್‌ಲೋಡಿಂಗಿಗೆ ಕಾಯುವ ಹೊತ್ತು ಮಲಗಲು ಸಿಕ್ಕರೆ ಅದು ಮುಂದಿನ ಟ್ರಿಪ್ಪಿನ ಸುರಕ್ಷತೆಗೆ ನೆರವಾಗುತ್ತದೆ.

ಲಾರಿಯಲ್ಲಿಯೇ ವಾಸವಿದ್ದು ಕಲಿಯುವ ಪದ್ಧತಿಯನ್ನು ಕೈಬಿಡುವ ಅಗತ್ಯವಿಲ್ಲ. ಅದಕ್ಕೆ ಬದಲಿಯೂ ಸದ್ಯಕ್ಕೆ ಇಲ್ಲ. ಅದಕ್ಕೆ ಅವಧಿ, ದಾಖಲೆ ಮತ್ತು ವಿಶ್ರಾಂತಿಯನ್ನು ಸೇರಿಸುವುದಷ್ಟೇ ಆಗಬೇಕಾದ ಕೆಲಸ. ಅದರ ಖರ್ಚು ಬಾಡಿಗೆಯಲ್ಲಿ ಅಲ್ಪ ಭಾಗ. ಆ ಖರ್ಚನ್ನು ಉಳಿಸಿದರೆ ಮುಂದಿನ ಹತ್ತು ವರ್ಷಗಳಲ್ಲಿ ನಮ್ಮ ಗೋದಾಮುಗಳ ಮುಂದೆ ಲಾರಿಗಳು ನಿಂತಿರಬಹುದು, ಓಡಿಸುವವರು ಇರಲಾರರು.