ಕಪ್ಪತಗುಡ್ಡದ ವಸಂತ ಹಾಗೂ ಮಾರ್ಚ್ 31

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಗದಗ-ಬೆಟಗೇರಿಯ ಯಾವ ಅಂಗಡಿಯ ಗಲ್ಲೆಯ ಹಿಂದೆ ಕುಳಿತವರನ್ನು ಮಾತನಾಡಿಸಿದರೂ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. ದಾಸ್ತಾನು ಎಣಿಕೆ ನಡೆದಿದೆ, ಉದ್ರಿ ಬಾಕಿ ವಸೂಲಾಗಬೇಕಿದೆ, ಬ್ಯಾಂಕಿನ ಲೆಕ್ಕ ತಾಳೆಯಾಗಬೇಕಿದೆ. ಉಳಿದ ಮಾತು ಏಪ್ರಿಲ್‌ನಲ್ಲಿ. ಇದೇ ವಾರಗಳಲ್ಲಿ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಹೊಲಗಳ ಆಚೆಗೆ ಚಾಚಿಕೊಂಡಿರುವ ಕಪ್ಪತಗುಡ್ಡದ ಮಗ್ಗುಲಲ್ಲಿ, ವರ್ಷಕ್ಕೊಮ್ಮೆ ಮಾತ್ರ ನಡೆಯುವ ಬೇರೊಂದು ವ್ಯವಹಾರ ಭರದಿಂದ ಸಾಗಿರುತ್ತದೆ. ಮುತ್ತುಗ ಅರಳಿ ಮುಗಿಯುತ್ತ ಬಂದಿರುತ್ತದೆ, ಬೇವು ಹೂವಿಗೆ ನಿಂತಿರುತ್ತದೆ, ಹುಲಗಲದ ಮರ ಹಳೆಯ ಎಲೆಯನ್ನೆಲ್ಲ ಕಳಚಿ ತಳಿರೊಡೆದಿರುತ್ತದೆ. ವರ್ತಕರಲ್ಲಿ ಬಹುತೇಕರು ಇದನ್ನು ಬಾಲ್ಯದಲ್ಲಿ ಕಂಡವರು, ಅನಂತರ ಕಂಡವರಲ್ಲ.

ಇದಕ್ಕೆ ವರ್ತಕರ ಅರಸಿಕತೆ ಕಾರಣವೆಂದು ಭಾವಿಸುವುದು ತಪ್ಪಾದೀತು. ಕಾರಣ ಕಾಯ್ದೆಯಲ್ಲಿದೆ. ಹಿಂದೆ ಈ ಭಾಗದ ಪೇಟೆಗಳಲ್ಲಿ ದೀಪಾವಳಿಗೆ ಲೆಕ್ಕ ಮುಗಿಸಿ, ಪಾಡ್ಯದಂದು ಹೊಸ ಕಿರ್ದಿ-ಖತಾವಣಿಗೆ ಪೂಜೆ ಸಲ್ಲಿಸಿ ವ್ಯವಹಾರ ಆರಂಭಿಸುವ ಸಂಪ್ರದಾಯವಿತ್ತು. ಆದಾಯ ತೆರಿಗೆಯ ಕಾಯ್ದೆಯೂ ವ್ಯಾಪಾರಿಯು ತನಗೆ ಅನುಕೂಲವಾದ ಲೆಕ್ಕ ವರ್ಷವನ್ನು ಆಯ್ದುಕೊಳ್ಳಲು ಅವಕಾಶ ನೀಡಿತ್ತು. 1989-90ನೇ ಕರ ನಿರ್ಧರಣಾ ವರ್ಷದಿಂದ ಎಲ್ಲರಿಗೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಏಕರೂಪದ ವರ್ಷ ಕಡ್ಡಾಯವಾಯಿತು. ಆಡಳಿತಕ್ಕೆ ಅನುಕೂಲವಾದುದು ನಿಜ. ಆದರೆ ಫಾಲ್ಗುಣ-ಚೈತ್ರಗಳ ಬಿಡುವು ಅಂದಿನಿಂದ ವರ್ತಕನ ಕೈತಪ್ಪಿತು. ದೀಪಾವಳಿಯ ಖಾತೆ ಪೂಜೆ ಉಳಿದಿದೆ. ಲೆಕ್ಕದ ಭಾರ ಮಾತ್ರ ಹೂವಿನ ಋತುವಿಗೆ ವರ್ಗಾವಣೆಗೊಂಡಿದೆ.

ಕಪ್ಪತಗುಡ್ಡ ಮಲೆನಾಡಲ್ಲ. ಗದಗ ನಗರದ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರಾ ತೀರದ ಸಿಂಗಟಾಲೂರಿನವರೆಗೆ ಗದಗ, ಮುಂಡರಗಿ, ಶಿರಹಟ್ಟಿ ಭಾಗಗಳಲ್ಲಿ ಹರಡಿರುವ ಈ ಸಾಲು ಮಳೆ ಕಡಿಮೆಯಿರುವ ಬಯಲುಸೀಮೆಯ ಗುಡ್ಡ. ಕುರುಚಲು, ಎಲೆಯುದುರುವ ಮರಗಳು, ಹುಲ್ಲು ಇವೇ ಇದರ ಆಸ್ತಿ. ಆದ್ದರಿಂದ ಇಲ್ಲಿಯ ವಸಂತವು ಚಿತ್ರಪಟಗಳಲ್ಲಿ ಕಾಣುವ ಹಿಮಾಲಯದ ಕಣಿವೆಗಳ ವಸಂತದಂತೆ ನೆಲದ ಮೇಲೆ ಹಾಸುವುದಿಲ್ಲ. ಕೊಂಬೆಯ ಮೇಲೆ ನಿಲ್ಲುತ್ತದೆ. ನೆಲದ ಹೂವು ನೋಡಬಯಸುವವರು ಮಳೆಗಾಲದ ನಂತರ, ಗುಡ್ಡ ಹಸಿರಾದ ಮೇಲೆ ಬರಬೇಕು. ಆಗ ಸಣ್ಣ ಸಸ್ಯಗಳ, ಔಷಧಿ ಗಿಡಗಳ ಸರದಿ. ಹೀಗೆ ಒಂದೇ ಗುಡ್ಡಕ್ಕೆ ವರ್ಷದಲ್ಲಿ ಎರಡು ಹೂವಿನ ಕಾಲ. ಬೇಸಿಗೆಯದು ಮರದ ಪಾಲು, ಮಳೆಯ ನಂತರದ್ದು ಗಿಡದ ಪಾಲು.

ಮರದ ಪಾಲಿನಲ್ಲಿ ಮೊದಲು ಬರುವುದು ಮುತ್ತುಗ. ಫೆಬ್ರವರಿಯ ಹೊತ್ತಿಗೆ ಎಲೆಯಿಲ್ಲದ ಬೋಳು ಕೊಂಬೆಯಲ್ಲಿ ಕಪ್ಪು ಮೊಗ್ಗುಗಳು ಮೂಡಿ, ಕಾಮದಹನದ ಹುಣ್ಣಿಮೆಯ ಆಸುಪಾಸಿನಲ್ಲಿ ಮರವಿಡೀ ಕೆಂಡವಾಗುತ್ತದೆ. ಓಕುಳಿಗೆ ಪೇಟೆಯ ಬಣ್ಣ ಬರುವ ಮೊದಲು ಈ ಹೂವನ್ನೇ ಒಣಗಿಸಿ ಕುದಿಸಿ ಬಣ್ಣ ತೆಗೆಯುತ್ತಿದ್ದರು. ಪಟಿಕ ಸೇರಿಸಿದರೆ ಅರಿವೆಗೆ ಹಿಡಿಯುತ್ತದೆ, ಸುಣ್ಣದ ನೀರು ಬೆರೆತರೆ ಹಳದಿ ಕೆಂಪಿಗೆ ತಿರುಗುತ್ತದೆ. ಮಗ್ಗಗಳ ಊರಾದ ಬೆಟಗೇರಿಯ ಉದ್ದಿಮೆದಾರರು ಸಹಜ ಬಣ್ಣದ ಬಟ್ಟೆಗೆ ಹೊರಗಿನ ಪೇಟೆಯಲ್ಲಿ ಬೇಡಿಕೆಯಿದೆಯೆಂದು ಸಭೆಗಳಲ್ಲಿ ಕೇಳಿಸಿಕೊಂಡಿರುತ್ತಾರೆ. ಬಣ್ಣ ತಮ್ಮದೇ ಜಿಲ್ಲೆಯ ಬದುವಿನ ಮೇಲೆ ಅರಳಿ ಮಣ್ಣಿಗೆ ಉದುರುವುದನ್ನು ಕಂಡಿರಲಿಕ್ಕಿಲ್ಲ. ಹೂವಿನ ನಂತರ ಬರುವ ಎಲೆಯಂತೂ ಪತ್ರಾವಳಿಯಾಗಿ ಎಲ್ಲರಿಗೂ ಪರಿಚಿತ. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ದೇಶದಾದ್ಯಂತ ನಿಷೇಧಿಸಿದ ಮೇಲೆ ಈ ಎಲೆಯನ್ನು ಹಳೆಯ ಕಾಲದ ವಸ್ತುವೆಂದು ತಳ್ಳಿಹಾಕುವಂತಿಲ್ಲ.

ಯುಗಾದಿಯ ಹೊತ್ತಿಗೆ ಬೇವಿನ ಹೂವು. ಬೇವು-ಬೆಲ್ಲಕ್ಕೆ ಅದನ್ನು ಕೊಯ್ಯುವ ಆ ಒಂದು ಮುಂಜಾನೆ ಮಾತ್ರ ಪೇಟೆಯವರು ತಲೆಯೆತ್ತಿ ಮರ ನೋಡುತ್ತಾರೆ. ಸಂಜೆಯ ತಂಗಾಳಿಗೆ ಬೇವಿನ ಹೂವಿನ ಕಂಪು ಹಳ್ಳಿಯ ಅಂಗಳವನ್ನು ತುಂಬುವುದನ್ನು ಅನುಭವಿಸಲು ಮಾತ್ರ ಹಿರೇವಡ್ಡಟ್ಟಿಯಂಥ ಊರಿನ ಕಟ್ಟೆಯ ಮೇಲೆಯೇ ಕುಳಿತಿರಬೇಕು. ಅದರ ಬೆನ್ನಿಗೇ ಹುಲಗಲ, ಅಂದರೆ ಹೊಂಗೆ. ತಿಳಿನೇರಳೆ ಬೆರೆತ ಬಿಳಿಯ ಹೂವು ಕೊಂಬೆಯ ಮೇಲಿರುವುದಕ್ಕಿಂತ ಕೆಳಗೆ ಉದುರಿದಾಗಲೇ ಚೆನ್ನ. ಮರದಡಿ ಯಾರೋ ಮಂಡಕ್ಕಿ ಚೆಲ್ಲಿದಂತಿರುತ್ತದೆ. ಬೀಜದ ತೂಕದ ಸುಮಾರು ಮೂರನೆಯ ಒಂದು ಭಾಗ ಎಣ್ಣೆ, ಉಳಿದದ್ದು ಹಿಂಡಿ, ಎಲೆ ಹಸಿರು ಗೊಬ್ಬರ. ರಾಜ್ಯವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ರೂಪಿಸಿದಾಗ ಈ ಮರದ ಮೇಲೆ ಇರಿಸಿದ ಭರವಸೆ ಪೂರ್ಣವಾಗಿ ಫಲಿಸಲಿಲ್ಲವೆನ್ನಬೇಕು. ಮರದ ತಪ್ಪಲ್ಲ, ಬೀಜ ಆಯುವ ಕೂಲಿಗೂ ಗಾಣದ ಬೆಲೆಗೂ ತಾಳೆ ಬೀಳಲಿಲ್ಲ.

ಗುಡ್ಡದ ಇಳುಕಲಿನಲ್ಲಿ ಇದೇ ದಿನಗಳಲ್ಲಿ ಬಿಕ್ಕೆ ಗಿಡ ಅರಳುತ್ತದೆ. ಬೆಳಿಗ್ಗೆ ಬೆಳ್ಳಗಿದ್ದ ಹೂವು ದಿನ ಕಳೆದಂತೆ ಹಳದಿಗೆ ತಿರುಗುವುದರಿಂದ ಒಂದೇ ಗಿಡದಲ್ಲಿ ಎರಡು ಬಣ್ಣ ಕಾಣಿಸುತ್ತದೆ. ಕವಳೆಯ ಮುಳ್ಳುಪೊದೆಯ ನಕ್ಷತ್ರದಂಥ ಸಣ್ಣ ಹೂವಿಗೆ ಮಲ್ಲಿಗೆಯನ್ನು ಹೋಲುವ ವಾಸನೆ. ಇದೇ ಮುಂದೆ ಮಕ್ಕಳ ತುಟಿ ಕಪ್ಪಾಗಿಸುವ ಕವಳೆ ಹಣ್ಣು. ತಂಗಡಿಯ ಹಳದಿಗೆ ಋತುವಿನ ಹಂಗಿಲ್ಲ. ಅದರ ತೊಗಟೆ ಚರ್ಮ ಹದ ಮಾಡುವ ಉದ್ದಿಮೆಗೆ ದೀರ್ಘಕಾಲ ಆಧಾರವಾಗಿತ್ತು. ಕಟ್ಟಕಡೆಗೆ, ಏಪ್ರಿಲ್ ಕೊನೆಗೆ, ಬಿಸಿಲು ಸುಡುವಾಗ ಕಕ್ಕೆ. ಹೊನ್ನಿನ ಗೊಂಚಲು ಜೋತುಬಿಟ್ಟ ಈ ಮರವನ್ನು ನೋಡಿದವರಿಗೆ ಬೇರೆ ವರ್ಣನೆ ಬೇಕಾಗುವುದಿಲ್ಲ.

ಇಷ್ಟರ ನಡುವೆ ಹೂವಿನ ಲೆಕ್ಕಕ್ಕೆ ಬಾರದ ಒಂದು ಬಾಬು ಇದೆ. ಬೇಸಿಗೆಯಲ್ಲಿ ಹೊಲಗಳು ಬರಿದಾಗಿರುವಾಗ ಹೆಜ್ಜೇನು, ಕೋಲುಜೇನುಗಳನ್ನು ಬದುಕಿಸುವುದು ಈ ಗುಡ್ಡದ ಮತ್ತು ಬದುವಿನ ಹೂವುಗಳು. ಅವೇ ಜೇನುಗಳು ಮುಂದೆ ಸೂರ್ಯಕಾಂತಿಯ ಕಾಳು ಕಟ್ಟಿಸುತ್ತವೆ. ಉಳ್ಳಾಗಡ್ಡಿಯ ಗಡ್ಡೆಗೆ ಜೇನು ಬೇಕಿಲ್ಲ. ಆದರೆ ಉಳ್ಳಾಗಡ್ಡಿಯ ಬೀಜಕ್ಕೆ ಬೇಕು. ಬೀಜದ ಅಂಗಡಿಯಲ್ಲಿ ಕುಳಿತವರು ಈ ವ್ಯತ್ಯಾಸವನ್ನು ಬಲ್ಲರು. ಕೃಷಿ ಚಟುವಟಿಕೆಯ ಜೈವಿಕ ಆಸ್ತಿಗಳಿಗೆ ಮೌಲ್ಯ ಕಟ್ಟುವ ಲೆಕ್ಕಪತ್ರ ಮಾನದಂಡ ಇಂದು ಇದೆಯಾದರೂ, ಯಾರೂ ಸಾಕದೆ ತಾನಾಗಿ ಬೆಳೆದ ಮರಕ್ಕೆ ಅದು ಅನ್ವಯಿಸುವುದಿಲ್ಲ. ಯಾರ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಗುಡ್ಡದ ಮುತ್ತುಗವಿಲ್ಲ.

ಗುಡ್ಡಕ್ಕೆ ಬೆಲೆ ಕಟ್ಟುವ ಯತ್ನ ಮಾತ್ರ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಲಗಾರರೆಂಬ ಜನ ಇಲ್ಲಿಯ ಹಳ್ಳಗಳ ಮರಳನ್ನು ಜಾಲಿಸಿ ಚಿನ್ನದ ಕಣ ಆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿಯ ಬಳಿ ವಿದೇಶಿ ಬಂಡವಾಳದ ಗಣಿ ತೆರೆದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಈ ಶತಮಾನದಲ್ಲಿ ಮತ್ತೆ ಗಣಿಯ ಪ್ರಸ್ತಾವ ಎದ್ದಾಗ ವಿವಾದವೂ ಎದ್ದಿತು. ಸರ್ಕಾರ 2015ರ ಡಿಸೆಂಬರ್‌ನಲ್ಲಿ ಗುಡ್ಡವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿ, 2016ರ ನವೆಂಬರ್‌ನಲ್ಲಿ ಆ ಆದೇಶವನ್ನು ಹಿಂಪಡೆಯಿತು. 2017ರ ಫೆಬ್ರವರಿಯಲ್ಲಿ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಬೀದಿಗಿಳಿದರು. ಅದೇ ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಅಭಯಾರಣ್ಯವಾಯಿತು. ಸುತ್ತಲಿನ ಕಲ್ಲು ಕ್ವಾರಿ, ಜಲ್ಲಿ ಘಟಕಗಳ ಮಾಲೀಕರಿಗೆ ಇದರಿಂದ ಉಂಟಾದ ಅನಿಶ್ಚಿತತೆಯನ್ನು ಹಗುರವಾಗಿ ಕಾಣುವಂತಿಲ್ಲ. ಸಾಲ ಪಡೆದು ಯಂತ್ರ ಹಾಕಿದವರಿಗೆ ಕಂತು ಕಟ್ಟುವ ದಿನ ಮುಂದೆ ಹೋಗುವುದಿಲ್ಲ. ಆದರೂ ಒಂದು ಮಾತು. ಕಲ್ಲು ಬೇರೆಡೆಯೂ ದೊರೆಯುತ್ತದೆ, ಈ ಗುಡ್ಡ ದೊರೆಯುವುದಿಲ್ಲ.

ಇಂದಿನ ದಿನ ಹೂವಿಗೆ ಹತ್ತಿರದ ಶತ್ರು ಗಣಿಯಲ್ಲ, ಬೆಂಕಿ. ಜನವರಿಯಿಂದ ಹುಲ್ಲು ಒಣಗುತ್ತದೆ. ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆಂಬ ಹಳೆಯ ನಂಬಿಕೆಯಿಂದಲೋ, ಆರಿಸದೆ ಎಸೆದ ಬೀಡಿಯಿಂದಲೋ ಗುಡ್ಡ ಹೊತ್ತಿಕೊಳ್ಳುತ್ತದೆ. ದೊಡ್ಡ ಮುತ್ತುಗ ಬದುಕಿಕೊಳ್ಳುತ್ತದೆ, ಅದರ ತೊಗಟೆ ದಪ್ಪ. ಸುಡುವುದು ಮೊಣಕಾಲೆತ್ತರದ ಸಸಿಗಳು, ಬಿಕ್ಕೆಯ ಮೊಗ್ಗು, ಪೊದೆಯಲ್ಲಿ ಕಟ್ಟಿದ ಕೋಲುಜೇನು. ದೊಡ್ಡ ಮರ ಈ ವರ್ಷವೂ ಅರಳುವುದರಿಂದ ನೋಡುವವರಿಗೆ ನಷ್ಟ ತಿಳಿಯದು. ಇಪ್ಪತ್ತು ವರ್ಷದ ನಂತರ ಅದರ ಸ್ಥಾನಕ್ಕೆ ಬರಬೇಕಾದ ಮರ ಇರುವುದಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಲಾಭ ಕಾಣುತ್ತಿದೆ, ಬಂಡವಾಳ ಕರಗುತ್ತಿದೆ.

ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನನ್ವಯ ನಿಷಿದ್ಧ. ಅನುಮತಿಯಿಲ್ಲದೆ ಅಲ್ಲಿಯ ವನೋತ್ಪನ್ನವನ್ನು ತರುವುದಕ್ಕೂ 29ನೇ ಕಲಮು ಅಡ್ಡಬರುತ್ತದೆ. ಆದ್ದರಿಂದ ಪತ್ರಾವಳಿಗೆ ಎಲೆಯನ್ನೋ ಬಣ್ಣಕ್ಕೆ ಹೂವನ್ನೋ ಬಯಸುವ ಉದ್ದಿಮೆದಾರರು ಗುಡ್ಡದತ್ತ ನೋಡದೆ, ಅದರ ಬುಡದ ಊರುಗಳ ರೈತರ ಬದುಗಳತ್ತ ನೋಡಬೇಕು. ಮುತ್ತುಗ, ಹುಲಗಲ ಎರಡೂ ಬದುವಿನ ಮೇಲೆ ಬೆಳೆಯುವ ಮರಗಳೇ. ಖರೀದಿಯ ಭರವಸೆ ಸಿಕ್ಕರೆ ರೈತರು ಕಡಿಯುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಬರಿದೆ ನೋಡಿ ಬರುವವರಿಗೆ ಇಂಥ ತೊಡಕಿಲ್ಲ. ಗದಗಿನಿಂದ ಡಂಬಳ ಮಾರ್ಗವಾಗಿ ಹೊರಟರೆ ದಾರಿಯಲ್ಲಿ ದೊಡ್ಡಬಸಪ್ಪ ದೇವಾಲಯವೂ ಆಗುತ್ತದೆ. ಊರುಗಳ ಬದುವಿನ ಹೂವಿಗೆ ಪರವಾನಿಗೆ ಬೇಡ. ಗಾಳಿಗುಂಡಿ ಬಸವಣ್ಣನ ನೆತ್ತಿಯವರೆಗೆ ಹೋಗುವವರು ಡೋಣಿಯ ಬಳಿ ಅರಣ್ಯ ಇಲಾಖೆಯವರನ್ನು ವಿಚಾರಿಸಿ, ಬೆಂಕಿಪೊಟ್ಟಣವನ್ನು ವಾಹನದಲ್ಲಿಯೇ ಬಿಟ್ಟು ಹತ್ತುವುದು ಲೇಸು. ನೆತ್ತಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗೆ ಕಪ್ಪು ಎರೆಭೂಮಿ ತುಂಗಭದ್ರೆಯತ್ತ ಇಳಿಯುತ್ತದೆ.

ಮಾರ್ಚ್‌ನಲ್ಲಿ ಸಾಧ್ಯವಿಲ್ಲವೆನ್ನುವುದು ಒಪ್ಪತಕ್ಕ ಮಾತು. ಆದರೆ ಮಾಸಿಕ ವಿವರಪಟ್ಟಿ ಸಲ್ಲಿಸುವ ಸರಕು ಸೇವಾ ತೆರಿಗೆಯ ಗಡುವುಗಳಲ್ಲಿ ಒಂದು ಏಪ್ರಿಲ್ 11ಕ್ಕೆ, ಮತ್ತೊಂದು 20ಕ್ಕೆ. ಮಾರ್ಚ್ ತಿಂಗಳಲ್ಲಿ ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯನ್ನು ಕಟ್ಟಲು ಬಹುತೇಕ ವರ್ತಕರಿಗೆ 30ರವರೆಗೆ ಅವಕಾಶ. ಯಾವ ವರ್ಷವಾದರೂ 12ರಿಂದ 19ರ ನಡುವೆ ಒಂದಾದರೂ ಭಾನುವಾರ ಬಂದೇ ಬರುತ್ತದೆ. ಆ ಹೊತ್ತಿಗೆ ಹಿರೇವಡ್ಡಟ್ಟಿಯ ದಾರಿಯ ಮುತ್ತುಗ ಕಾಯಿ ಕಟ್ಟಿರುತ್ತದೆ. ಹುಲಗಲ ಉದುರುತ್ತಿರುತ್ತದೆ, ಕವಳೆ ಹೂವಿನಲ್ಲಿರುತ್ತದೆ, ಕಕ್ಕೆ ಮೊದಲ ಗೊಂಚಲು ಬಿಟ್ಟಿರುತ್ತದೆ. ಬಿಸಿಲೇರುವ ಮೊದಲು, ಬೆಳಿಗ್ಗೆ ಏಳರೊಳಗೆ ತಲುಪಬೇಕು.